ಏಡ್ರಿಯಾಟಿಕ್ ಬ್ಯಾಸ್ಕೆಟ್‌ಬಾಲ್ ಲೀಗ್ 2009–10: ಕೊನೆಯ 0.6 ಸೆಕೆಂಡ್‌ವರೆಗೂ ಮುಗಿಯದ ಋತು

ಹಿಂದಿನ ಯುಗೊಸ್ಲಾವಿಯಾ ಒಡೆದು ರೂಪುಗೊಂಡ ದೇಶಗಳ ಪುರುಷರ ಬ್ಯಾಸ್ಕೆಟ್‌ಬಾಲ್ ಕ್ಲಬ್‌ಗಳು ಒಟ್ಟಾಗಿ ಆಡುವ ಟೂರ್ನಿಯೇ ಏಡ್ರಿಯಾಟಿಕ್ ಲೀಗ್. ಅದರ ಒಂಬತ್ತನೆಯ ಋತು 2009ರ ಶರತ್ಕಾಲದಲ್ಲಿ ಆರಂಭಗೊಂಡು 2010ರ ಏಪ್ರಿಲ್ 25ರಂದು ಕ್ರೊಯೇಷ್ಯಾದ ರಾಜಧಾನಿ ಝಾಗ್ರೆಬ್‌ನಲ್ಲಿ ಮುಕ್ತಾಯವಾಯಿತು. ಐದು ದೇಶಗಳ 14 ತಂಡಗಳು ಕಣದಲ್ಲಿದ್ದವು. ಫೈನಲ್‌ನಲ್ಲಿ ಬೆಲ್‌ಗ್ರೇಡ್‌ನ ಪಾರ್ಟಿಜಾನ್ ತಂಡವು ಝಾಗ್ರೆಬ್‌ನ ಸಿಬೋನಾ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 75–74ರಿಂದ ಮಣಿಸಿ ಸತತ ನಾಲ್ಕನೆಯ ಬಾರಿ ಪ್ರಶಸ್ತಿ ಗೆದ್ದಿತು.

ದಾಖಲೆಯ ಪುಸ್ತಕದಲ್ಲಿ ಇದು ಒಂದು ಅಂಕದ ಅಂತರದ ಗೆಲುವು, ಅಷ್ಟೆ. ಆದರೆ ಯುರೋಪಿನ ಬ್ಯಾಸ್ಕೆಟ್‌ಬಾಲ್ ಪ್ರಿಯರು ಈ ಋತುವನ್ನು ಇಂದಿಗೂ ನೆನೆಯುವುದು ಫೈನಲ್‌ನ ಕೊನೆಯ 0.6 ಸೆಕೆಂಡ್‌ಗಾಗಿ. ಆ ಅರೆಕ್ಷಣದ ಬೆರಗು ಎಷ್ಟು ದೊಡ್ಡದೆಂದರೆ, ಅದರ ಹಿಂದಿದ್ದ ಸಂಗತಿಗಳು ಮರೆಗೆ ಸರಿದುಬಿಟ್ಟಿವೆ. ಎರಡು ದಶಕಗಳ ಹಿಂದೆ ಯುದ್ಧ ಮಾಡಿ ಬೇರೆಯಾದ ನಾಡುಗಳ ಕ್ಲಬ್‌ಗಳು ಒಂದೇ ಲೀಗ್‌ನಲ್ಲಿ ಏಕೆ ಆಡುತ್ತಿದ್ದವು, ಹಣವಿಲ್ಲದ ಒಂದು ತಂಡ ಯುರೋಪಿನ ಸಿರಿವಂತ ಕ್ಲಬ್‌ಗಳ ಸಾಲಿಗೆ ಹೇಗೆ ಏರಿತು, ಮರುವರ್ಷವೇ ಆ ತಂಡ ಏಕೆ ಚದುರಿತು ಎಂಬುದನ್ನು ಅರಿತರೆ ಮಾತ್ರ ಆ ಎಸೆತದ ತೂಕ ತಿಳಿಯುತ್ತದೆ.

ಒಡೆದ ಮನೆ

ಯುಗೊಸ್ಲಾವಿಯಾ ಅಖಂಡವಾಗಿದ್ದಾಗ ಅದು ಬ್ಯಾಸ್ಕೆಟ್‌ಬಾಲ್‌ನ ಮಹಾಶಕ್ತಿ. 1970, 1978 ಹಾಗೂ 1990ರಲ್ಲಿ ವಿಶ್ವ ಚಾಂಪಿಯನ್‌ಷಿಪ್, 1980ರಲ್ಲಿ ಮಾಸ್ಕೊ ಒಲಿಂಪಿಕ್ ಚಿನ್ನ. ಕ್ಲಬ್‌ಗಳ ಸಾಧನೆಯೂ ಕಡಿಮೆಯದಲ್ಲ. ಸರಾಯೆವೊದ ಬೋಸ್ನಾ 1979ರಲ್ಲಿ, ಡ್ರಾಝೆನ್ ಪೆಟ್ರೊವಿಚ್ ಅವರಿದ್ದ ಸಿಬೋನಾ 1985 ಮತ್ತು 1986ರಲ್ಲಿ, ಸ್ಪ್ಲಿಟ್ ನಗರದ ಯುಗೊಪ್ಲಾಸ್ಟಿಕಾ 1989ರಿಂದ ಸತತ ಮೂರು ವರ್ಷ ಯುರೋಪಿನ ಚಾಂಪಿಯನ್ ಆದವು. ಇವರೆಲ್ಲ ವಾರವಾರವೂ ಪರಸ್ಪರ ಎದುರಾಗುತ್ತಿದ್ದ ರಾಷ್ಟ್ರೀಯ ಲೀಗ್ ಖಂಡದಲ್ಲೇ ಅತ್ಯಂತ ಕಠಿಣವೆನಿಸಿತ್ತು.

1991ರ ಜೂನ್‌ನಲ್ಲಿ ಸ್ಲೊವೇನಿಯಾ ಸ್ವಾತಂತ್ರ್ಯ ಘೋಷಿಸಿದಾಗ ಯುಗೊಸ್ಲಾವಿಯಾ ತಂಡ ರೋಮ್‌ನಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ಆಡುತ್ತಿತ್ತು. ಸ್ಲೊವೇನಿಯಾದ ಯೂರೆ ಜ್ದೊವ್ಟ್ಸ್ ಟೂರ್ನಿಯ ನಡುವೆಯೇ ತಂಡ ತೊರೆದರು. ಉಳಿದವರು ಚಿನ್ನ ಗೆದ್ದರು. ಆ ಹೆಸರಿನಡಿ ಎಲ್ಲ ಗಣರಾಜ್ಯಗಳ ಆಟಗಾರರು ಒಟ್ಟಾಗಿ ಗೆದ್ದ ಕೊನೆಯ ಚಿನ್ನ ಅದು. ಮರುವರ್ಷ ಪಾರ್ಟಿಜಾನ್ ಯುರೋಪಿನ ಚಾಂಪಿಯನ್ ಆಯಿತು. ಆದರೆ ಯುದ್ಧದ ಕಾರಣ ಅದರ ಯುರೋಪ್ ಟೂರ್ನಿಯ ತವರು ಪಂದ್ಯಗಳು ಬೆಲ್‌ಗ್ರೇಡ್‌ನಲ್ಲಿ ನಡೆಯದೆ, ಸ್ಪೇನ್‌ನ ಮ್ಯಾಡ್ರಿಡ್ ಸಮೀಪದ ಫುಯೆನ್‌ಲಾಬ್ರಾಡಾ ಎಂಬ ಊರಿಗೆ ಸ್ಥಳಾಂತರಗೊಂಡಿದ್ದವು. ಆ ಊರಿನ ಜನ ಪರದೇಶದ ತಂಡವನ್ನು ತಮ್ಮದೇ ಎಂಬಂತೆ ಬೆಂಬಲಿಸಿದ್ದು ಬೇರೆಯೇ ಕಥೆ.

ಯುದ್ಧ ನಿಂತ ಬಳಿಕ ಉಳಿದದ್ದು ಚೂರುಚೂರಾದ ಲೀಗ್‌ಗಳು. ಆಗ ಸ್ಲೊವೇನಿಯಾದ ಜನಸಂಖ್ಯೆ ಸುಮಾರು 20 ಲಕ್ಷವಿತ್ತು, ಕ್ರೊಯೇಷ್ಯಾದ್ದು 40 ಲಕ್ಷಕ್ಕಿಂತ ಹೆಚ್ಚಿತ್ತು, ಮಾಂಟೆನೆಗ್ರೊದ್ದು ಆರು ಲಕ್ಷದ ಆಸುಪಾಸು. ಇಷ್ಟು ಸಣ್ಣ ನಾಡುಗಳಲ್ಲಿ ಒಂದೊಂದು ದೊಡ್ಡ ಕ್ಲಬ್ ಇದ್ದರೆ ಹೆಚ್ಚು. ಎದುರಾಳಿಗಳು ದುರ್ಬಲ, ಟಿಕೆಟ್ ಮಾರಾಟ ಕಡಿಮೆ, ಟಿ.ವಿ. ಹಕ್ಕಿಗೆ ಬೆಲೆಯಿಲ್ಲ, ಪ್ರಾಯೋಜಕರು ಮುಖ ತಿರುಗಿಸುವ ಪರಿಸ್ಥಿತಿ. ತವರಿನಲ್ಲಿ 30 ಅಂಕಗಳ ಅಂತರದಿಂದ ಗೆದ್ದು ರೂಢಿಯಾದ ತಂಡ, ಯುರೋಪಿನ ಟೂರ್ನಿಗೆ ಹೋದೊಡನೆ ಏದುಸಿರು ಬಿಡುವುದು ಸಹಜವೇ.

ಈ ಲೆಕ್ಕಾಚಾರವೇ 2001ರ ಜುಲೈ 3ರಂದು ಸ್ಲೊವೇನಿಯಾದ ಲ್ಯೂಬ್ಲಿಯಾನಾದಲ್ಲಿ ಏಡ್ರಿಯಾಟಿಕ್ ಲೀಗ್ ಹುಟ್ಟಲು ಕಾರಣವಾಯಿತು. ಸ್ನೇಹ, ಸೌಹಾರ್ದದ ಭಾಷಣಗಳಿಗಿಂತ ಹೆಚ್ಚಾಗಿ ಕ್ಲಬ್‌ಗಳ ಖಜಾನೆಯ ಚಿಂತೆಯೇ ಇದರ ಹಿಂದಿತ್ತು ಎಂಬುದನ್ನು ಮುಚ್ಚಿಡಬೇಕಿಲ್ಲ. ಹಳೆಯ ಯುಗೊಸ್ಲಾವಿಯಾವನ್ನು ಹಿಂಬಾಗಿಲಿನಿಂದ ತರುವ ಯತ್ನವಿದು ಎಂಬ ಟೀಕೆ ಎದ್ದಿತು. ಬಹುಶಃ ಅದಕ್ಕಾಗಿಯೇ ಹೆಸರಿನಲ್ಲಿ ದೇಶದ ಸುಳಿವಿಲ್ಲ, ಸಮುದ್ರದ ಹೆಸರಿದೆ. ಮೊದಲ ಋತುವಿನಲ್ಲಿ ಸ್ಲೊವೇನಿಯಾ, ಕ್ರೊಯೇಷ್ಯಾ, ಬೋಸ್ನಿಯಾ ಮತ್ತು ಹರ್ಜೆಗೊವಿನಾ ಹಾಗೂ ಮಾಂಟೆನೆಗ್ರೊದ ಒಟ್ಟು 12 ತಂಡಗಳು ಆಡಿದವು. ಸರ್ಬಿಯಾದ ಒಂದೂ ಕ್ಲಬ್ ಇರಲಿಲ್ಲ. ಲ್ಯೂಬ್ಲಿಯಾನಾದ ಒಲಿಂಪಿಯಾ ಮೊದಲ ಚಾಂಪಿಯನ್ ಆಯಿತು.

ಎರಡನೆಯ ಋತುವಿನಲ್ಲಿ ಬೆಲ್‌ಗ್ರೇಡ್‌ನ ತ್ಸರ್ವೆನಾ ಜ್ವೆಜ್ದಾ, ಅಂದರೆ ಜಗತ್ತಿಗೆಲ್ಲ ರೆಡ್ ಸ್ಟಾರ್ ಎಂದೇ ಪರಿಚಿತವಾದ ಕ್ಲಬ್, ಸೇರಿಕೊಂಡಿತು. ಇಸ್ರೇಲ್‌ನ ಮಕಾಬಿ ಟೆಲ್ ಅವೀವ್ ಕೂಡ ಆ ವರ್ಷ ಬಂತು. ಫೈನಲ್‌ನಲ್ಲಿ ಆ ಬಲಿಷ್ಠ ತಂಡವನ್ನು ಕ್ರೊಯೇಷ್ಯಾದ ಕಡಲತೀರದ ಪುಟ್ಟ ಊರು ಝದಾರ್‌ನ ತಂಡ ಸೋಲಿಸಿತು. ದೇವರು ಮನುಷ್ಯನನ್ನು ಸೃಷ್ಟಿಸಿದ, ಝದಾರ್ ಬ್ಯಾಸ್ಕೆಟ್‌ಬಾಲನ್ನು ಸೃಷ್ಟಿಸಿತು ಎಂದು ಆ ಊರಿನವರು ಬೀಗುವುದುಂಟು. ಪಾರ್ಟಿಜಾನ್ ಒಳಬಂದದ್ದು 2004ರಲ್ಲಿ. ಆ ಹೊತ್ತಿಗೆ ಲೀಗ್ ಬೇರೂರಿತ್ತು. 2006ರವರೆಗೆ ಟೈರ್ ಕಂಪೆನಿ ಗುಡ್‌ಇಯರ್, ಬಳಿಕ 2011ರವರೆಗೆ ಸ್ಲೊವೇನಿಯಾದ ಎನ್‌ಎಲ್‌ಬಿ ಬ್ಯಾಂಕ್ ಪ್ರಾಯೋಜಕತ್ವ ವಹಿಸಿದ್ದರಿಂದ, ನಾವು ಹೇಳುತ್ತಿರುವ ಋತು ದಾಖಲೆಗಳಲ್ಲಿ ‘ಎನ್‌ಎಲ್‌ಬಿ ಲೀಗ್ 2009–10’ ಎಂದಿದೆ.

ಹದಿನಾಲ್ಕು ತಂಡ, 26 ಸುತ್ತು

ಈ ಋತುವಿನಲ್ಲಿ ಸರ್ಬಿಯಾದಿಂದ ಪಾರ್ಟಿಜಾನ್, ರೆಡ್ ಸ್ಟಾರ್, ಎಫ್‌ಎಂಪಿ, ಹೆಮೊಫಾರ್ಮ್ ಮತ್ತು ರಾದ್ನಿಚ್ಕಿ; ಕ್ರೊಯೇಷ್ಯಾದಿಂದ ಸಿಬೋನಾ, ಝದಾರ್, ಝಾಗ್ರೆಬ್ ಮತ್ತು ಸೆದೆವಿಟಾ; ಸ್ಲೊವೇನಿಯಾದಿಂದ ಒಲಿಂಪಿಯಾ ಮತ್ತು ಹೆಲಿಯೊಸ್; ಬೋಸ್ನಿಯಾ ಮತ್ತು ಹರ್ಜೆಗೊವಿನಾದಿಂದ ಬೋಸ್ನಾ ಹಾಗೂ ಶಿರೊಕಿ; ಮಾಂಟೆನೆಗ್ರೊದಿಂದ ಬುದುಚ್ನೊಸ್ತ್ ಕಣದಲ್ಲಿದ್ದವು. ಪ್ರತಿ ತಂಡವೂ ಉಳಿದ 13 ತಂಡಗಳನ್ನು ತವರಿನಲ್ಲಿ ಒಮ್ಮೆ, ಎದುರಾಳಿಯ ಊರಿನಲ್ಲಿ ಒಮ್ಮೆ ಎದುರಿಸಬೇಕು. ಒಟ್ಟು 26 ಸುತ್ತು. ಮೊದಲ ನಾಲ್ಕು ಸ್ಥಾನ ಪಡೆದವರು ಒಂದೇ ಊರಿನಲ್ಲಿ ಸೇರಿ ಸೆಮಿಫೈನಲ್, ಫೈನಲ್ ಆಡುವುದು ಕ್ರಮ.

ಇಲ್ಲೊಂದು ಮಾತು ಹೇಳಬೇಕು. ನಾಲ್ವರ ಘಟ್ಟದ ಈ ಪದ್ಧತಿ ನೋಡುಗರಿಗೆ ಹಬ್ಬ, ತಂಡಗಳಿಗೆ ಜೂಜು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬೆವರು ಸುರಿಸಿ ಗಳಿಸಿದ್ದನ್ನೆಲ್ಲ ಒಂದು ಸಂಜೆಯ 40 ನಿಮಿಷ ನಿರ್ಧರಿಸಿಬಿಡುತ್ತದೆ. 2014–15ರ ಋತುವಿನಿಂದ ಲೀಗ್ ಈ ಪದ್ಧತಿಯನ್ನು ಕೈಬಿಟ್ಟು ಸರಣಿ ಪಂದ್ಯಗಳ ದಾರಿ ಹಿಡಿಯಿತು. ನ್ಯಾಯದ ದೃಷ್ಟಿಯಿಂದ ಅದು ಸರಿ. ಆದರೆ ಸರಣಿಯಾಗಿದ್ದರೆ 2010ರ ಏಪ್ರಿಲ್ 25ರ ರಾತ್ರಿಗೆ ಆ ಕಾವು ಇರುತ್ತಿರಲಿಲ್ಲ.

ದೊಡ್ಡ ಕ್ಲಬ್‌ಗಳ ದಿನಚರಿಯಂತೂ ಬಿಡುವಿಲ್ಲದ್ದು. ಪಾರ್ಟಿಜಾನ್, ಸಿಬೋನಾ, ಒಲಿಂಪಿಯಾ ಮೂರೂ ಅದೇ ವರ್ಷ ಯುರೋಪಿನ ಅಗ್ರ ಟೂರ್ನಿಯಾದ ಯುರೋಲೀಗ್‌ನಲ್ಲಿ ಆಡುತ್ತಿದ್ದವು. ಏಡ್ರಿಯಾಟಿಕ್ ಲೀಗ್ ಮುಗಿದ ಮೇಲೆ ತಂತಮ್ಮ ದೇಶದ ಲೀಗ್‌ನ ಅಂತಿಮ ಹಂತಕ್ಕೆ ಮರಳಬೇಕು. ವಾರದ ನಡುವೆ ಅಥೆನ್ಸ್ ಇಲ್ಲವೇ ಬಾರ್ಸಿಲೋನಾ, ವಾರಾಂತ್ಯಕ್ಕೆ ಪೊದ್ಗೊರಿಟ್ಸಾ ಅಥವಾ ಶಿರೊಕಿ ಬ್ರಿಯೆಗ್ ಎಂಬಂತಿತ್ತು ಪಯಣ.

ಬಡ ತಂಡದ ದೊಡ್ಡ ವರ್ಷ

ಪಾರ್ಟಿಜಾನ್ 2007ರಿಂದ ಸತತ ಮೂರು ಬಾರಿ ಈ ಲೀಗ್ ಗೆದ್ದಿತ್ತು. ಅದರ ಕೋಚ್ ದುಶ್ಕೊ ವುಯೋಶೆವಿಚ್. ಯುರೋಲೀಗ್‌ನ ಸ್ಪೇನ್, ಗ್ರೀಸ್, ರಷ್ಯಾದ ಕ್ಲಬ್‌ಗಳು ಸುರಿಯುತ್ತಿದ್ದ ಹಣದ ಮುಂದೆ ಬೆಲ್‌ಗ್ರೇಡ್ ಕ್ಲಬ್‌ನ ಆಯವ್ಯಯ ಲೆಕ್ಕಕ್ಕೇ ಇಲ್ಲ. ಹೆಸರು ಮಾಡಿದ ಆಟಗಾರರನ್ನು ಕೊಳ್ಳಲಾಗದ ವುಯೋಶೆವಿಚ್, ಹೆಸರು ಮಾಡಬಲ್ಲವರನ್ನು ಹುಡುಕಿ ತಂದು ಕಠಿಣ ಅಭ್ಯಾಸದಲ್ಲಿ ಹದಗೊಳಿಸುವ ದಾರಿ ಹಿಡಿದರು. ಋತು ಮುಗಿದೊಡನೆ ಸಿರಿವಂತ ಕ್ಲಬ್‌ಗಳು ಅವರನ್ನು ಒಯ್ಯುತ್ತಿದ್ದವು. ವುಯೋಶೆವಿಚ್ ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದರು.

2009–10ರ ತಂಡವನ್ನೇ ನೋಡಬಹುದು. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಬೊ ಮೆಕ್‌ಕ್ಯಾಲೆಬ್, ಎತ್ತರ ಕಡಿಮೆಯಾದರೂ ಮಿಂಚಿನಂತೆ ಬ್ಯಾಸ್ಕೆಟ್‌ಗೆ ನುಗ್ಗುವ ಗಾರ್ಡ್. ಸಿಡ್ನಿಯಲ್ಲಿ ಹುಟ್ಟಿದ ಸೆಂಟರ್ ಆಟಗಾರ ಅಲೆಕ್ಸ್ ಮಾರಿಚ್, ಹಿಂದಿನ ವರ್ಷದವರೆಗೂ ಯುರೋಪಿನಲ್ಲಿ ಅಷ್ಟೇನೂ ಪರಿಚಿತರಲ್ಲ; ಈ ಋತುವಿನಲ್ಲಿ ಯುರೋಲೀಗ್‌ನ ಶ್ರೇಷ್ಠ ಐವರ ತಂಡಕ್ಕೆ ಆಯ್ಕೆಯಾದರು. ಜೆಕ್ ದೇಶದ ಹದಿಹರೆಯದ ಯಾನ್ ವೆಸೆಲಿ, ಅಮೆರಿಕದ ಲಾರೆನ್ಸ್ ರಾಬರ್ಟ್ಸ್, ಏಳೂವರೆ ಅಡಿ ಎತ್ತರದ ಸ್ಲಾವ್ಕೊ ವ್ರಾನೆಶ್ ಜತೆಗಿದ್ದರು. ಮತ್ತೆ, 32 ವರ್ಷದ ದುಶಾನ್ ಕೆತ್ಸ್‌ಮನ್. ಗ್ರೀಸ್‌ನ ಪನಾಥಿನೈಕೋಸ್ ತಂಡದೊಂದಿಗೆ 2009ರಲ್ಲಿ ಯುರೋಲೀಗ್ ಗೆದ್ದು, ಆ ಬೇಸಿಗೆಯಲ್ಲಷ್ಟೇ ಹಳೆಯ ಕ್ಲಬ್‌ಗೆ ಮರಳಿದ್ದ ಅನುಭವಿ.

ಹಣವಿಲ್ಲದಿದ್ದರೂ ಪಾರ್ಟಿಜಾನ್‌ಗೆ ಜನವಿದ್ದರು. 2009ರ ಮಾರ್ಚ್ 5ರಂದು ಬೆಲ್‌ಗ್ರೇಡ್‌ನಲ್ಲಿ ಪನಾಥಿನೈಕೋಸ್ ವಿರುದ್ಧದ ಯುರೋಲೀಗ್ ಪಂದ್ಯಕ್ಕೆ 22,567 ಮಂದಿ ಸೇರಿ ದಾಖಲೆಯಾಗಿತ್ತು. ಇಕ್ಕಟ್ಟಾದ ಪಿಯೊನಿರ್ ಕ್ರೀಡಾಂಗಣದಲ್ಲಂತೂ ಎದುರಾಳಿ ಕೋಚ್‌ನ ಮಾತು ಆತನ ಆಟಗಾರರಿಗೇ ಕೇಳಿಸದಷ್ಟು ಗದ್ದಲ. 2010ರ ವಸಂತದಲ್ಲಿ ಈ ತಂಡ ಯುರೋಲೀಗ್ ಕ್ವಾರ್ಟರ್‌ಫೈನಲ್‌ನಲ್ಲಿ ಮಕಾಬಿ ಟೆಲ್ ಅವೀವ್ ತಂಡವನ್ನು 3–1ರಿಂದ ಮಣಿಸಿ, 1998ರ ನಂತರ ಮೊದಲ ಬಾರಿಗೆ ಯುರೋಪಿನ ಅಂತಿಮ ನಾಲ್ವರ ಘಟ್ಟ ತಲುಪಿತು. ಝಾಗ್ರೆಬ್‌ಗೆ ಬಂದಿಳಿದದ್ದು ಇಂಥ ಏರುಗತಿಯಲ್ಲಿದ್ದ ತಂಡ.

ಇತ್ತ ಸಿಬೋನಾದ್ದು ಬೇರೆಯೇ ಹಸಿವು. ಪೆಟ್ರೊವಿಚ್ 1993ರ ಜೂನ್ 7ರಂದು ಜರ್ಮನಿಯಲ್ಲಿ ರಸ್ತೆ ಅಪಘಾತದಲ್ಲಿ ಮಡಿದ ಮೇಲೆ ಅವರ ಹೆಸರನ್ನೇ ಹೊತ್ತ ಕ್ರೀಡಾಂಗಣದಲ್ಲಿ ಆಡುತ್ತಿದ್ದ ಈ ಕ್ಲಬ್, ಗತವೈಭವದ ನೆರಳಿನಿಂದ ಹೊರಬರಲು ಹೆಣಗುತ್ತಿತ್ತು. ಏಡ್ರಿಯಾಟಿಕ್ ಲೀಗ್ ಸ್ಥಾಪನೆಗೆ ಓಡಾಡಿದ ಕ್ಲಬ್‌ಗಳಲ್ಲಿ ಒಂದಾಗಿದ್ದರೂ ಅದಕ್ಕೆ ಒಮ್ಮೆಯೂ ಪ್ರಶಸ್ತಿ ದಕ್ಕಿರಲಿಲ್ಲ. 2004ರ ಫೈನಲ್‌ನಲ್ಲಿ ಸೋಲು. 2009ರಲ್ಲಿ ಬೆಲ್‌ಗ್ರೇಡ್‌ನಲ್ಲಿ ನಡೆದ ಫೈನಲ್‌ನಲ್ಲಿ ಇದೇ ಪಾರ್ಟಿಜಾನ್ ಕೈಯಲ್ಲಿ ಸೋಲು. ಈಗ ಫೈನಲ್ ತವರಿನಲ್ಲಿ. ಅದೂ 2009ರ ವಿಶ್ವ ಹ್ಯಾಂಡ್‌ಬಾಲ್ ಚಾಂಪಿಯನ್‌ಷಿಪ್‌ಗೆಂದು ಕಟ್ಟಿದ ಹೊಚ್ಚಹೊಸ ಅರೆನಾ ಝಾಗ್ರೆಬ್‌ನಲ್ಲಿ. ತಂಡದ ಭರವಸೆ, ಆಗಷ್ಟೇ 21 ತುಂಬಿದ್ದ ಬೊಯಾನ್ ಬೋಗ್ದಾನೊವಿಚ್. ಹದಿಹರೆಯದಲ್ಲೇ ರಿಯಲ್ ಮ್ಯಾಡ್ರಿಡ್ ಕರೆದೊಯ್ದಿದ್ದರೂ ಅಲ್ಲಿ ನೆಲೆ ಸಿಗದೆ 2009ರಲ್ಲಿ ಸಿಬೋನಾಗೆ ಬಂದಿದ್ದ ಯುವಕ.

ಎರಡು ಎಸೆತ

ನಿಗದಿತ 40 ನಿಮಿಷಗಳಲ್ಲಿ ಫೈನಲ್ ಇತ್ಯರ್ಥವಾಗಲಿಲ್ಲ. ಐದು ನಿಮಿಷಗಳ ಹೆಚ್ಚುವರಿ ಅವಧಿ ಮುಗಿಯುತ್ತ ಬಂದಾಗ ಪಾರ್ಟಿಜಾನ್ 72–71ರಿಂದ ಮುಂದಿತ್ತು. ಚೆಂಡು ಬೋಗ್ದಾನೊವಿಚ್ ಕೈಗೆ ಬಂತು. ಮೂರು ಅಂಕದ ಗೆರೆಯ ಆಚೆಯಿಂದ ಅವರು ಎಸೆದ ಚೆಂಡು ಬ್ಯಾಸ್ಕೆಟ್‌ನೊಳಗೆ ಇಳಿದಾಗ ಗಡಿಯಾರದಲ್ಲಿ ಉಳಿದಿದ್ದು 0.6 ಸೆಕೆಂಡ್. ಸಿಬೋನಾ 74, ಪಾರ್ಟಿಜಾನ್ 72. ಕ್ರೀಡಾಂಗಣ ಹುಚ್ಚೆದ್ದಿತು. ಒಂಬತ್ತು ವರ್ಷಗಳ ಕಾಯುವಿಕೆ ಮುಗಿಯಿತೆಂದು ಸಿಬೋನಾ ಪಾಳಯದಲ್ಲಿ ಸಂಭ್ರಮ ಆರಂಭವಾಗಿಯೇ ಬಿಟ್ಟಿತು.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಇಂಥ ಕೊನೆಯ ಕ್ಷಣಗಳಲ್ಲಿ ಚೆಂಡನ್ನು ಹೊರಗಿನಿಂದ ಒಳಗೆ ಕೊಡುವಾಗ ಗಡಿಯಾರ ಓಡುವುದಿಲ್ಲ. ಅಂಗಣದೊಳಗಿನ ಆಟಗಾರ ಮುಟ್ಟಿದ ಕ್ಷಣದಿಂದ ಓಡತೊಡಗುತ್ತದೆ. ಸಮಯ ಮುಗಿಯುವ ಮುನ್ನ ಚೆಂಡು ಕೈಬಿಟ್ಟಿದ್ದರೆ, ಅದು ಗಾಳಿಯಲ್ಲಿರುವಾಗ ಗಂಟೆ ಬಾರಿಸಿದರೂ ಅಂಕ ಸಿಂಧು. ಚೆಂಡು ಹಿಡಿದು ಎಸೆಯಲು ಕನಿಷ್ಠ 0.3 ಸೆಕೆಂಡ್ ಉಳಿದಿರಬೇಕೆಂದು ಇಂದಿನ ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ಅಂದರೆ 0.6 ಸೆಕೆಂಡ್ ಎಂಬುದು ಸೊನ್ನೆಯಲ್ಲ. ಗುರಿ ನೋಡಲು ಸಾಲದು, ಹಿಡಿದು ಎಸೆಯಲು ಸಾಕು.

ಕೆತ್ಸ್‌ಮನ್ ಮಾಡಿದ್ದು ಅಷ್ಟನ್ನೇ. ಅಂಗಣದ ನಡುಗೆರೆಯ ಬಳಿ ಚೆಂಡು ಹಿಡಿದವರೇ ಬ್ಯಾಸ್ಕೆಟ್‌ನತ್ತ ಎಸೆದರು. ಅಂಗಣದ ಉದ್ದ 28 ಮೀಟರ್. ಅಷ್ಟು ದೂರದಿಂದ ಎಸೆದದ್ದು ಒಳಹೋಗುವುದು ಅಭ್ಯಾಸದಲ್ಲೂ ಅಪರೂಪ. ಗಡಿಯಾರ ಸೊನ್ನೆ ತೋರಿದಾಗ ಚೆಂಡು ಗಾಳಿಯಲ್ಲಿತ್ತು. ಮರುಕ್ಷಣ ಅದು ಬಲೆಯೊಳಗಿತ್ತು. 75–74. ಈಗ ಕುಣಿಯುವ ಸರದಿ ಬೆಲ್‌ಗ್ರೇಡ್‌ನವರದ್ದು.

ಈ ಎರಡು ಎಸೆತಗಳ ನಡುವೆ ಉರುಳಿದ ಆಟದ ಸಮಯ ಒಂದು ಸೆಕೆಂಡೂ ಇಲ್ಲ. ಸರ್ಬಿಯಾದ ಕ್ಲಬ್ ಕ್ರೊಯೇಷ್ಯಾದ ರಾಜಧಾನಿಯಲ್ಲಿ ಗೆದ್ದದ್ದನ್ನು ಎರಡೂ ಕಡೆಯ ಉಗ್ರ ಅಭಿಮಾನಿಗಳು ಆಟಕ್ಕಿಂತ ಮಿಗಿಲಾದ ಸಂಗತಿಯಾಗಿ ನೋಡಿದ್ದುಂಟು. ಹಾಗೆ ನೋಡುವವರು ಗಮನಿಸದ ವಿವರವೊಂದಿದೆ. ಝಾಗ್ರೆಬ್‌ನ ಪರ ಎಸೆದ ಬೋಗ್ದಾನೊವಿಚ್ ಹುಟ್ಟಿದ್ದು 1989ರಲ್ಲಿ ಮೊಸ್ತಾರ್‌ನಲ್ಲಿ. ಬೆಲ್‌ಗ್ರೇಡ್‌ನ ಪರ ಎಸೆದ ಕೆತ್ಸ್‌ಮನ್ ಹುಟ್ಟಿದ್ದು 1977ರಲ್ಲಿ ಸರಾಯೆವೊದಲ್ಲಿ. ಎರಡೂ ಬೋಸ್ನಿಯಾ ಮತ್ತು ಹರ್ಜೆಗೊವಿನಾದ ನಗರಗಳು. 1992ರಿಂದ 1995ರ ಯುದ್ಧದಲ್ಲಿ ಅತಿ ಹೆಚ್ಚು ನಲುಗಿದ ಊರುಗಳ ಸಾಲಿನವು. ಇಬ್ಬರೂ ಹುಟ್ಟಿದಾಗ ಅವು ಒಂದೇ ದೇಶದಲ್ಲಿದ್ದವು. ಲೀಗ್‌ನ ನಕಾಶೆಯಲ್ಲಿ ಯಾವ ಗೆರೆ ಎಳೆದರೂ ಆಟಗಾರರ ಬೇರುಗಳು ಅದನ್ನು ದಾಟಿ ಹಬ್ಬಿದ್ದವು.

ತಾಂತ್ರಿಕ ಟಿಪ್ಪಣಿಯೊಂದನ್ನೂ ಸೇರಿಸಬಹುದು. ಆಗ ಮೂರು ಅಂಕದ ಗೆರೆ ಬ್ಯಾಸ್ಕೆಟ್‌ನಿಂದ 6.25 ಮೀಟರ್ ದೂರದಲ್ಲಿತ್ತು. 2010ರ ಅಕ್ಟೋಬರ್‌ನಿಂದ ಅಂತರರಾಷ್ಟ್ರೀಯ ಒಕ್ಕೂಟ ಅದನ್ನು 6.75 ಮೀಟರ್‌ಗೆ ಸರಿಸಿತು. ಹಳೆಯ ಗೆರೆಯಲ್ಲಿ ಈ ಲೀಗ್ ಆಡಿದ ಕಡೆಯ ಋತುವಿದು. ಕೆತ್ಸ್‌ಮನ್ ಎಸೆತಕ್ಕೆ ಯಾವ ಗೆರೆಯಾದರೇನು!

ಚದುರಿದವರು

ಪಾರ್ಟಿಜಾನ್ ಆ ವರ್ಷ ಸರ್ಬಿಯಾದ ಕಪ್ ಹಾಗೂ ರಾಷ್ಟ್ರೀಯ ಲೀಗನ್ನೂ ಗೆದ್ದುಕೊಂಡಿತು. ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ನಡೆದ ಯುರೋಲೀಗ್ ಅಂತಿಮ ಘಟ್ಟದಲ್ಲಿ ಮಾತ್ರ ಅದೃಷ್ಟ ಕೈಕೊಟ್ಟಿತು. ಸೆಮಿಫೈನಲ್‌ನಲ್ಲಿ ಒಲಿಂಪಿಯಾಕೋಸ್ ಎದುರು ಹೆಚ್ಚುವರಿ ಅವಧಿಯಲ್ಲಿ ಸೋಲು. ಮೂರನೆಯ ಸ್ಥಾನದ ಪಂದ್ಯದಲ್ಲಿ ಮಾಸ್ಕೊದ ಸಿಎಸ್‌ಕೆಎ ಎದುರೂ ಹೆಚ್ಚುವರಿ ಅವಧಿಯಲ್ಲೇ ಸೋಲು. ಝಾಗ್ರೆಬ್‌ನಲ್ಲಿ ಒಲಿದ ಕ್ಷಣ ಪ್ಯಾರಿಸ್‌ನಲ್ಲಿ ಎರಡು ಸಲ ಮುನಿಯಿತು.

ಬೇಸಿಗೆ ಬಂದಂತೆ ಎಂದಿನಂತೆ ಸಂತೆ ಚದುರಿತು. ವುಯೋಶೆವಿಚ್ ಅವರನ್ನು ಸಿಎಸ್‌ಕೆಎ ಕರೆದೊಯ್ದಿತು. ಮಾರಿಚ್ ಪನಾಥಿನೈಕೋಸ್ ಸೇರಿ ಮರುವರ್ಷವೇ ಯುರೋಲೀಗ್ ಗೆದ್ದರು. ಮೆಕ್‌ಕ್ಯಾಲೆಬ್ ಇಟಲಿಯ ಸಿಯೆನಾ ತಂಡಕ್ಕೆ ಹೋದರು. ಮುಂದೆ ಮೆಸಿಡೋನಿಯಾದ ಪೌರತ್ವ ಪಡೆದು, 2011ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಆ ಪುಟ್ಟ ದೇಶವನ್ನು ನಾಲ್ಕನೆಯ ಸ್ಥಾನಕ್ಕೆ ಒಯ್ದರು. ವೆಸೆಲಿ ಇನ್ನೊಂದು ವರ್ಷ ಉಳಿದು, 2011ರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆರನೆಯವರಾಗಿ ವಾಷಿಂಗ್ಟನ್ ಪಾಲಾದರು. ಇಷ್ಟು ಮಂದಿ ಹೋದರೂ ಪಾರ್ಟಿಜಾನ್ 2011ರಲ್ಲಿ ಐದನೆಯ ಬಾರಿ ಸತತವಾಗಿ ಲೀಗ್ ಗೆದ್ದದ್ದು, ವುಯೋಶೆವಿಚ್ ಬಿಟ್ಟುಹೋದ ಅಡಿಪಾಯ ಎಂಥದ್ದೆಂಬುದಕ್ಕೆ ಸಾಕ್ಷಿ.

ಬೋಗ್ದಾನೊವಿಚ್ 2011ರಲ್ಲಿ ಟರ್ಕಿಯ ಫೆನರ್‌ಬಾಚೆ ಸೇರಿ, 2014ರಿಂದ ಹತ್ತು ಋತು ಎನ್‌ಬಿಎಯಲ್ಲಿ ಆಡಿದರು. ಆ ರಾತ್ರಿಯ ಗೆಲುವಿನ ಎಸೆತ ಅವರದ್ದಾಗಬೇಕಿತ್ತು ಎಂದು ಝಾಗ್ರೆಬ್‌ನ ಜನ ಈಗಲೂ ಹಲುಬುವುದರಲ್ಲಿ ತಪ್ಪಿಲ್ಲ. ಸಿಬೋನಾ ಮುಂದಿನ ವರ್ಷಗಳಲ್ಲಿ ತೀವ್ರ ಹಣದ ಮುಗ್ಗಟ್ಟಿಗೆ ಸಿಲುಕಿತು. ವಿಚಿತ್ರವೆಂದರೆ, ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲೇ, 2014ರಲ್ಲಿ, 20ರ ಹರೆಯದ ದಾರಿಯೊ ಶಾರಿಚ್ ಮುಂದಾಳತ್ವದಲ್ಲಿ ಅದು ಕೊನೆಗೂ ಏಡ್ರಿಯಾಟಿಕ್ ಲೀಗ್ ಗೆದ್ದಿತು. ಗೆದ್ದ ಊರು ಬೆಲ್‌ಗ್ರೇಡ್! ಶಾರಿಚ್ ಕೂಡ ಆ ಬೇಸಿಗೆಯಲ್ಲೇ ಟರ್ಕಿಗೆ ತೆರಳಿದರು.

ಅಂದು ಆಡಿದ 14 ಕ್ಲಬ್‌ಗಳ ಪಟ್ಟಿಯೂ ಈಗ ಹಾಗೇ ಉಳಿದಿಲ್ಲ. ಎಫ್‌ಎಂಪಿ 2011ರಲ್ಲಿ ರೆಡ್ ಸ್ಟಾರ್‌ನೊಂದಿಗೆ ವಿಲೀನವಾಯಿತು. ಝಾಗ್ರೆಬ್‌ನ ಸೆದೆವಿಟಾ 2019ರಲ್ಲಿ ಲ್ಯೂಬ್ಲಿಯಾನಾಗೆ ಹೋಗಿ ಒಲಿಂಪಿಯಾ ಜತೆ ಸೇರಿ ‘ಸೆದೆವಿಟಾ ಒಲಿಂಪಿಯಾ’ ಆಯಿತು; ಒಂದು ದೇಶದ ಕ್ಲಬ್ ಗಡಿ ದಾಟಿ ಇನ್ನೊಂದು ದೇಶದ ಕ್ಲಬ್‌ನೊಂದಿಗೆ ಒಂದಾಗುವುದನ್ನು 2001ರಲ್ಲಿ ಯಾರೂ ಊಹಿಸಿರಲಾರರು. 2019–20ರ ಋತು ಕೋವಿಡ್‌ನಿಂದಾಗಿ ಚಾಂಪಿಯನ್ ಇಲ್ಲದೆಯೇ ರದ್ದಾಯಿತು. 2024ರಲ್ಲಿ ದುಬೈ ನಗರದ ತಂಡವೊಂದು ಪ್ರವೇಶ ಪಡೆಯಿತು. ಸಮುದ್ರದ ಹೆಸರಿನ ಲೀಗ್‌ಗೆ ಮರುಭೂಮಿಯ ತಂಡ ಬಂದದ್ದರ ಹಿಂದೆಯೂ ಇರುವುದು 2001ರ ಅದೇ ಖಜಾನೆಯ ಚಿಂತೆ. 2014ರ ಸಿಬೋನಾ ಬಳಿಕ 2025ರವರೆಗೆ ಕ್ರೊಯೇಷ್ಯಾದ ಯಾವ ತಂಡವೂ ಪ್ರಶಸ್ತಿ ಗೆದ್ದಿಲ್ಲ. 2018ರಲ್ಲಿ ಬುದುಚ್ನೊಸ್ತ್ ಗೆದ್ದದ್ದನ್ನು ಬಿಟ್ಟರೆ ಟ್ರೋಫಿ ಬೆಲ್‌ಗ್ರೇಡ್‌ನ ಎರಡು ಕ್ಲಬ್‌ಗಳ ನಡುವೆಯೇ ಓಡಾಡಿದೆ.